ಯೋನನಿಗೆ ಬೇಕಿದ್ದ ಸಿಟ್ಟು, ನಿನೆವೆಗೆ ಸಿಕ್ಕ ಕರುಣೆ

ಬೈಬಲನ್ನು ಅಲ್ಲಿ ಇಲ್ಲಿ ತಿರುವಿ ನೋಡಿದ ಗೆಳೆಯರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲಪ್ಪಾ, ನಿಮ್ಮ ಪುಸ್ತಕದ ಮೊದಲ ಭಾಗದಲ್ಲಿ ದೇವರಿಗೆ ಬರೀ ಸಿಟ್ಟು. ಊರಿಗೆ ಊರೇ ಸುಡ್ತಾನೆ, ಲೋಕಾನೇ ನೀರಲ್ಲಿ ಮುಳುಗಿಸ್ತಾನೆ. ಯೇಸು ಬಂದ ಮೇಲೆ ನೋಡಿದ್ರೆ ಬರೀ ಪ್ರೀತಿ, ಕ್ಷಮೆ. ಇಬ್ರೂ ಒಬ್ಬನೇ ದೇವರಾ?" ನಮ್ಮ ಕಡೆ ಹುಲಿಗೆಮ್ಮನಿಗೆ ಹರಕೆ ಹೊತ್ತ ಮನೆಗಳಲ್ಲಿ ಬೆಳೆದವರಿಗೆ ದೇವರು ಮುನಿಯುವುದೂ ಗೊತ್ತು, ಕಾಯುವುದೂ ಗೊತ್ತು. ಅದರಲ್ಲಿ ಅವರಿಗೆ ಗೊಂದಲ ಇಲ್ಲ. ಒಂದೇ ಪುಸ್ತಕದ ನಡುವೆ ದೇವರ ಸ್ವಭಾವವೇ ಬದಲಾದ ಹಾಗೆ ಕಾಣುತ್ತದಲ್ಲ, ಅದೇ ಅವರಿಗೆ ತಲೆಬಿಸಿ.

ಚರ್ಚಿಗೆ ಹೋಗುವವರಿಗೂ ಈ ತಲೆಬಿಸಿ ಇದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ಅವರ ಜೊತೆಯವರೂ ಕೂತು ಕೆಲಸ ಮಾಡಿ 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದರು. ಮುದಗಲ್ಲಿನ ಕ್ಯಾಥೋಲಿಕರಂತೂ ಅದಕ್ಕಿಂತ ಎಷ್ಟೋ ಹಿಂದಿನವರು, ಆದಿಲ್‌ಶಾಹಿ ಕಾಲದವರು. ಇಷ್ಟು ವರ್ಷದಿಂದ ಈ ನೆಲದಲ್ಲಿ ಈ ಪುಸ್ತಕ ಓದುತ್ತಾ ಬಂದಿದ್ದರೂ, ಭಾನುವಾರದ ಪ್ರಸಂಗದಲ್ಲಿ ಒಂದು ವಾರ ಸಿಟ್ಟಿನ ದೇವರು, ಇನ್ನೊಂದು ವಾರ ಕರುಣೆಯ ದೇವರು ಬರುತ್ತಾನೆಯೇ ಹೊರತು, ಎರಡನ್ನೂ ಒಟ್ಟಿಗೆ ಇಟ್ಟು ಮಾತಾಡುವುದು ಕಡಿಮೆ.

ಈ ಪ್ರಶ್ನೆಗೆ ಎಲ್ಲರಿಗಿಂತ ಸುಲಭದ ಉತ್ತರ ಕೊಟ್ಟವನು ಮಾರ್ಸಿಯನ್. ಕಪ್ಪು ಸಮುದ್ರದ ದಂಡೆಯ ಸಿನೋಪೆ ಊರಿನವನು, ಹಡಗಿನ ವ್ಯಾಪಾರ ಮಾಡಿ ದುಡ್ಡು ಮಾಡಿದ್ದವನು. ಅವನ ಪ್ರಕಾರ ದೇವರು ಇಬ್ಬರು. ಈ ಲೋಕ ಮಾಡಿದ ಹಳೆ ಒಡಂಬಡಿಕೆಯ, ಅಂದರೆ ಬೈಬಲಿನ ಮೊದಲ ಭಾಗದ, ದೇವರು ಕಟ್ಟುನಿಟ್ಟಿನವನು, ಶಿಕ್ಷೆ ಕೊಡುವವನು. ಯೇಸುವಿನ ತಂದೆ ಬೇರೆಯವನು, ಬರೀ ಒಳ್ಳೆಯವನು. ಹಾಗಾಗಿ ಹಳೆ ಒಡಂಬಡಿಕೆಯನ್ನು ಪೂರ್ತಿ ತೆಗೆದು ಹಾಕಿ, ಯೇಸುವಿನ ಬದುಕಿನ ಕತೆ ಹೇಳುವ ಲೂಕನ ಸುವಾರ್ತೆಯನ್ನೂ, ಯೇಸುವಿನ ಸಂದೇಶವನ್ನು ಊರೂರಿಗೆ ಒಯ್ದ ಪೌಲನ ಹತ್ತು ಪತ್ರಗಳನ್ನೂ ತನಗೆ ಬೇಕಾದಂತೆ ಕತ್ತರಿಸಿ ಇಟ್ಟುಕೊಂಡ. ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅವನು ಮೊದಲು ಕೊಟ್ಟಿದ್ದ ಎರಡು ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ) ಕಾಣಿಕೆಯನ್ನೂ ವಾಪಸ್ ಕೊಟ್ಟಿತು ಎಂದು ಹಳೆ ಕಾಲದ ಕ್ರೈಸ್ತ ಬರಹಗಾರ ತೆರ್ತುಲ್ಲಿಯನ್ ಬರೆದಿದ್ದಾನೆ. ಕಾಣಿಕೆ ವಾಪಸ್ ಕೊಟ್ಟ ಚರ್ಚಿನ ಕತೆ ನೀವು ಬೇರೆಲ್ಲಾದರೂ ಕೇಳಿದ್ದೀರಾ? ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಅಂತ ಅರ್ಥ.

ಮಾರ್ಸಿಯನ್ನಿನ ಕತ್ತರಿ ಯಾಕೆ ಕೆಲಸ ಮಾಡುವುದಿಲ್ಲ ಅಂದರೆ, ಸಿಟ್ಟೂ ಕರುಣೆಯೂ ಎರಡೂ ಭಾಗದಲ್ಲಿ ಕಲಸಿಕೊಂಡಿವೆ. ಹೊಸ ಒಡಂಬಡಿಕೆಯ ಯೇಸು ದೇವಾಲಯದಲ್ಲಿ ಹಣ ಬದಲಿಸುವವರ ಮೇಜು ಕೆಡವುತ್ತಾನೆ. ನಾಲ್ಕೂ ಸುವಾರ್ತೆಗಳಲ್ಲಿ ಇದೆ ಈ ಪ್ರಸಂಗ, ಯೋಹಾನನ ಸುವಾರ್ತೆಯಲ್ಲಂತೂ ಹಗ್ಗದಿಂದ ಚಾವಟಿ ಮಾಡಿಕೊಂಡು ಹೋಗುತ್ತಾನೆ. ಮಾರ್ಕನ ಮೂರನೇ ಅಧ್ಯಾಯದಲ್ಲಿ ಇನ್ನೊಂದು ಸಣ್ಣ ಘಟನೆ ಇದೆ. ಯೆಹೂದಿಗಳು ಕೆಲಸ ಮಾಡಬಾರದ ಸಬ್ಬತ್ ದಿನ, ಸಭಾಮಂದಿರದಲ್ಲಿ ಕೈ ಬತ್ತಿಹೋದ ಒಬ್ಬ ಮನುಷ್ಯ ಕೂತಿದ್ದಾನೆ. ಯೇಸು ಇವತ್ತು ಗುಣ ಮಾಡಿದರೆ ದೂರು ಹೇಳೋಣ ಅಂತ ಕೆಲವರು ಕಾಯುತ್ತಿದ್ದಾರೆ. ಅವನ ಕೈ ಸರಿಹೋಗುವುದು ಅವರಿಗೆ ಬೇಕಾಗಿಲ್ಲ, ಅವರಿಗೆ ಬೇಕಿರುವುದು ಒಂದು ಕೇಸು. ಯೇಸು ಸುತ್ತ ನೋಡುತ್ತಾನೆ, ಸಿಟ್ಟಿನಿಂದ ನೋಡುತ್ತಾನೆ, ಅವರ ಮನಸ್ಸು ಕಲ್ಲಾಗಿರುವುದಕ್ಕೆ ದುಃಖವನ್ನೂ ಪಡುತ್ತಾನೆ. ಸಿಟ್ಟು, ದುಃಖ ಎರಡೂ ಒಂದೇ ವಾಕ್ಯದಲ್ಲಿವೆ. ಆಮೇಲೆ ಆ ಮನುಷ್ಯನಿಗೆ ಕೈ ಚಾಚು ಅನ್ನುತ್ತಾನೆ. ಯಾರ ಮೇಲೂ ಬೆಂಕಿ ಬೀಳಲಿಲ್ಲ. ಸಿಟ್ಟು ಬಂದ ಮೇಲೆ ಆದ ಕೆಲಸ ಅಂದರೆ ಒಬ್ಬನ ಕೈ ಗುಣವಾದದ್ದು.

ಇನ್ನು ಹಳೆ ಒಡಂಬಡಿಕೆಗೆ ಬನ್ನಿ. ದೇವರು ತಾನು ಯಾರು ಅಂತ ತಾನೇ ಹೇಳಿಕೊಳ್ಳುವ ಜಾಗ ಒಂದಿದೆ, ವಿಮೋಚನಕಾಂಡದ 34ನೇ ಅಧ್ಯಾಯ. ಆ ಮಾತು ಬಂದ ಹೊತ್ತು ನೋಡಬೇಕು. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಜನ ಸೀನಾಯಿ ಬೆಟ್ಟದ ಬುಡದಲ್ಲಿದ್ದಾರೆ. ಅವರ ನಾಯಕ ಮೋಶೆ ಬೆಟ್ಟ ಹತ್ತಿ 40 ದಿನ ಆಯಿತು, ಇಳಿದು ಬಂದಿಲ್ಲ. ಜನಕ್ಕೆ ತಾಳ್ಮೆ ಇಲ್ಲ. ಕಿವಿಯ ಓಲೆ ಬಿಚ್ಚಿ ಮೋಶೆಯ ಅಣ್ಣ ಆರೋನನ ಕೈಗೆ ಕೊಟ್ಟರು, ಅವನು ಪೂಜೆಗೆ ಚಿನ್ನದ ಹೋರಿಕರು ಮಾಡಿ ನಿಲ್ಲಿಸಿದ. ಆಮೇಲೆ ಕೇಳಿದಾಗ ಆರೋನ ಕೊಡುವ ಉತ್ತರ ನೋಡಬೇಕು: ಚಿನ್ನ ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ನಗು ಬರುತ್ತದೆ, ಆದರೆ ಮೇಲೆ ಬೆಟ್ಟದಲ್ಲಿ ಪರಿಸ್ಥಿತಿ ನಗುವಂಥದ್ದಲ್ಲ. ನನ್ನನ್ನು ಬಿಡು, ನನ್ನ ಸಿಟ್ಟು ಉರಿಯಲಿ, ಇವರನ್ನು ಮುಗಿಸಿಬಿಡುತ್ತೇನೆ ಅಂತ ದೇವರು ಮೋಶೆಗೆ ಹೇಳುತ್ತಾನೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಲೋಕ ಮಾಡಿದವನು ಒಬ್ಬ ಮುದುಕನ ಹತ್ತಿರ "ನನ್ನನ್ನು ಬಿಡು" ಅಂತ ಯಾಕೆ ಕೇಳಬೇಕು? ಮೋಶೆ ಅವನ ಕೈ ಹಿಡಿದುಕೊಂಡಿದ್ದನಾ? ಹಳೆಯ ಕಾಲದ ಯೆಹೂದಿ ಗುರುಗಳು ಇದನ್ನು ಹಿಡಿದುಕೊಂಡೇ ಹೇಳುತ್ತಿದ್ದರು, ಬಿಡು ಅಂದದ್ದೇ ಬಿಡಬೇಡ ಅನ್ನುವುದಕ್ಕೆ ದಾರಿ ಅಂತ. ಮೋಶೆ ಬಿಡುವುದಿಲ್ಲ. ವಾದ ಮಾಡುತ್ತಾನೆ. ನಿನ್ನ ಜನ ಅಲ್ವಾ ಇವರು, ಐಗುಪ್ತದವರು ಏನಂದುಕೊಂಡಾರು ಅಂತೆಲ್ಲ ಹೇಳುತ್ತಾನೆ. ದೇವರು ಮನಸ್ಸು ಬದಲಿಸುತ್ತಾನೆ. ಇದರ ನಡುವೆ ಕೆಳಗೆ ಪಾಳೆಯದಲ್ಲಿ ಸುಮಾರು ಮೂರು ಸಾವಿರ ಜನ ಕತ್ತಿಗೆ ಬಲಿಯಾದರು ಅನ್ನುವುದೂ ಈ ಹೋರಿಕರುವಿನ ಕತೆ ಇರುವ 32ನೇ ಅಧ್ಯಾಯದಲ್ಲೇ ಇದೆ, ಅದನ್ನು ನುಂಗಿ ಹಾಕಿ ಮುಂದೆ ಹೋಗುವುದು ಸರಿಯಲ್ಲ. ನನಗೆ ಇವತ್ತಿಗೂ ಓದಲು ಕಷ್ಟವಾಗುವ ಸಾಲುಗಳು ಅವು.

ಇಷ್ಟೆಲ್ಲ ಆದ ಮೇಲೆ, ದೇವರ ಆಜ್ಞೆಗಳಿದ್ದ, ಮೋಶೆ ಸಿಟ್ಟಿನಲ್ಲಿ ಒಡೆದು ಹಾಕಿದ್ದ ಕಲ್ಲಿನ ಹಲಗೆಗಳ ಬದಲು ಹೊಸದನ್ನು ಕೆತ್ತಿಕೊಂಡು ಮೋಶೆ ಮತ್ತೆ ಮೇಲೆ ಹೋದಾಗ ಆ ಮಾತು ಬರುತ್ತದೆ. ಕನಿಕರ ಉಳ್ಳವನು, ದಯೆ ಉಳ್ಳವನು, ಬೇಗ ಸಿಟ್ಟಾಗದವನು, ಪ್ರೀತಿಯಲ್ಲೂ ನಂಬಿಕೆಯಲ್ಲೂ ತುಂಬಿದವನು, ಸಾವಿರ ತಲೆಮಾರಿನವರೆಗೆ ದಯೆ ಇಟ್ಟುಕೊಳ್ಳುವವನು. ಆದರೆ ತಪ್ಪನ್ನು ಸುಮ್ನೆ ಬಿಡುವವನಲ್ಲ, ಹಿರಿಯರ ತಪ್ಪಿನ ಫಲ ಮೂರು ನಾಲ್ಕು ತಲೆಮಾರಿನವರೆಗೆ ಹೋಗುತ್ತದೆ. ಲೆಕ್ಕ ನೋಡಿ. ದಯೆಗೆ ಸಾವಿರ, ಸಿಟ್ಟಿಗೆ ಮೂರೋ ನಾಲ್ಕೋ. ಎರಡೂ ಇವೆ, ಆದರೆ ತೂಕ ಒಂದೇ ಅಲ್ಲ. ಕ್ರೈಸ್ತ ನಂಬಿಕೆಯಲ್ಲಿ ಸಿಟ್ಟು, ಕರುಣೆ ಎರಡರ ಬಗ್ಗೆ ಮಾತಾಡುವಾಗ ಜನ ಮರೆಯುವುದು ಇದನ್ನೇ. ತಕ್ಕಡಿಯ ಎರಡು ತಟ್ಟೆ ಅಂದುಕೊಳ್ಳುತ್ತಾರೆ. ದೇವರು ಪ್ರೀತಿಯೇ ಆಗಿದ್ದಾನೆ ಅಂತ ಯೋಹಾನ ತನ್ನ ಪತ್ರದಲ್ಲಿ ಬರೆಯುತ್ತಾನೆ. ದೇವರು ಸಿಟ್ಟೇ ಆಗಿದ್ದಾನೆ ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಸಿಟ್ಟು ಅವನಿಗೆ ಬರುತ್ತದೆ, ಹೋಗುತ್ತದೆ. ಕ್ಷಣ ಹೊತ್ತಿನದು ಅಂತ 30ನೇ ಕೀರ್ತನೆ ಹೇಳುತ್ತದೆ.

ಮೂರು ನಾಲ್ಕು ತಲೆಮಾರಿನ ಆ ಮಾತು ಮಾತ್ರ ಆ ಕಾಲದವರಿಗೂ ಚುಚ್ಚಿತ್ತು. ಯುದ್ಧದಲ್ಲಿ ಸೋತು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಜನ, ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತು ಅಂತ ಗಾದೆಯನ್ನೇ ಮಾಡಿಕೊಂಡು ಗೊಣಗುತ್ತಿದ್ದರು. ಅವರ ನಡುವೆಯೇ ಇದ್ದ ಯೆಹೆಜ್ಕೇಲ ಪ್ರವಾದಿ 18ನೇ ಅಧ್ಯಾಯದಲ್ಲಿ ಸೀದಾ ಹೇಳಿಬಿಡುತ್ತಾನೆ, ಈ ಗಾದೆ ಇನ್ನು ಸಾಕು, ಮಗ ಅಪ್ಪನ ತಪ್ಪು ಹೊರುವುದಿಲ್ಲ. ಕೆಟ್ಟವನು ಸಾಯುವುದರಲ್ಲಿ ದೇವರಿಗೆ ಸಂತೋಷ ಇಲ್ಲ, ಅವನು ತಿರುಗಿಕೊಂಡು ಬದುಕಲಿ ಅನ್ನುವುದೇ ಆಸೆ ಅನ್ನುವ ಮಾತೂ ಅಲ್ಲೇ ಇದೆ. ಅಂದರೆ ಬೈಬಲ್ ತನ್ನೊಳಗೇ ವಾದ ಮಾಡಿಕೊಳ್ಳುತ್ತಾ ಹೋಗುತ್ತದೆ. ಒಂದು ವಾಕ್ಯ ಕಿತ್ತುಕೊಂಡು ಬಂದು ಮನೆತನದ ಶಾಪ ಅಂತ ಹೆದರಿಸುವ ಪ್ರಸಂಗಿಗಳು ಯೆಹೆಜ್ಕೇಲನ ಪುಟ ತಿರುವುವುದು ಒಳ್ಳೆಯದು.

ಸರಿ, ಸಿಟ್ಟು ಬರುವುದು ಯಾತಕ್ಕೆ? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಯಾರ ಮೇಲೆ ಸಿಟ್ಟು ಅಂತ ನಾವು ಕೇಳುತ್ತೇವೆ, ಯಾರ ಪರವಾಗಿ ಸಿಟ್ಟು ಅಂತ ಕೇಳುವುದಿಲ್ಲ. ವಿಮೋಚನಕಾಂಡ 22 ತೆಗೆಯಿರಿ. ವಿಧವೆಯನ್ನೂ ತಂದೆಯಿಲ್ಲದ ಮಗುವನ್ನೂ ಕಾಡಬೇಡಿ, ಅವರು ಕೂಗಿಕೊಂಡರೆ ನಾನು ಕೇಳುತ್ತೇನೆ, ನನ್ನ ಸಿಟ್ಟು ಹೊತ್ತಿಕೊಳ್ಳುತ್ತದೆ ಅನ್ನುತ್ತಾನೆ ದೇವರು. ಅದರ ಕೆಳಗೇ ಒಂದು ಸಣ್ಣ ನಿಯಮ. ಬಡವನಿಗೆ ಸಾಲ ಕೊಟ್ಟು ಅವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಸೂರ್ಯ ಮುಳುಗುವುದರೊಳಗೆ ವಾಪಸ್ ಕೊಟ್ಟುಬಿಡು. ಯಾಕೆಂದರೆ ಅವನ ಹತ್ತಿರ ಇರುವುದು ಅದೊಂದೇ, ರಾತ್ರಿ ಏನು ಹೊದ್ದುಕೊಂಡು ಮಲಗುತ್ತಾನೆ? ಅವನು ನನ್ನನ್ನು ಕೂಗಿದರೆ ನಾನು ಕೇಳುತ್ತೇನೆ, ನಾನು ಕನಿಕರ ಉಳ್ಳವನು. ಒಂದು ಕಡೆ ಸಿಟ್ಟು, ಎರಡು ಮೂರು ಸಾಲು ಕೆಳಗೆ ಕನಿಕರ. ಎರಡಕ್ಕೂ ಕಾರಣ ಒಂದೇ, ಆ ಕೂಗು. ಹೊದಿಕೆ ಕಳೆದುಕೊಂಡವನಿಗೆ ಅದು ಕರುಣೆಯಾಗಿ ಕಾಣುತ್ತದೆ, ಇಟ್ಟುಕೊಂಡವನಿಗೆ ಸಿಟ್ಟಾಗಿ ಕಾಣುತ್ತದೆ.

ಧರ್ಮೋಪದೇಶಕಾಂಡ 24ರಲ್ಲಿ ಕೂಲಿಯ ವಿಷಯವೂ ಹೀಗೇ ಬರುತ್ತದೆ. ಕೂಲಿಯವನ ಹಣ ಆವತ್ತೇ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಅವನು ನಿಮ್ಮ ಜಾತಿಯವನಾಗಲಿ, ಹೊರಗಿನಿಂದ ಬಂದವನಾಗಲಿ. ಹೊಸ ಒಡಂಬಡಿಕೆಯಲ್ಲಿ ಯಾಕೋಬ ಬರೆಯುವ ಪತ್ರದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಬಾಯಿ ಬಿಟ್ಟು ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಅನ್ನುತ್ತಾನೆ. ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಗುಳೆ ಹೋಗಿ ಬಂದವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಾನೆ, ಕೊನೆಗೆ ಲೆಕ್ಕ ಹಾಕುವಾಗ ಎಲ್ಲಾ ಮುಂಗಡಕ್ಕೆ ಸರಿಹೋಯಿತು ಅನ್ನುತ್ತಾನೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಪೀಸಿನ ಲೆಕ್ಕದಲ್ಲಿ ದುಡಿಯುವವರನ್ನು ಕೇಳಿ, ದೇವರಿಗೆ ಸಿಟ್ಟು ಬರುತ್ತದೆ ಅಂದರೆ ಅವರಿಗೆ ಹೆದರಿಕೆ ಆಗುತ್ತದಾ, ಸಮಾಧಾನ ಆಗುತ್ತದಾ? ಆಮೋಸ ಪ್ರವಾದಿ ಬೈದದ್ದು ಒಂದು ಜೋಡಿ ಚಪ್ಪಲಿಗಾಗಿ ಬಡವನನ್ನು ಮಾರುವವರನ್ನು, ಅಳತೆಯ ಸೇರು ಸಣ್ಣದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವವರನ್ನು. ಯೆಶಾಯ ಬೈದದ್ದು ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತಾ ಹೋಗುವವರನ್ನು. ದೇವರು ಸಿಟ್ಟೇ ಆಗಬಾರದು ಅನ್ನುವುದು ಹೊಟ್ಟೆ ತುಂಬಿದವರ ಆಸೆ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಇನ್ನೊಂದು ಗಮನಿಸಿ: ಪೌಲ ಎಫೆಸದವರಿಗೆ ಬರೆಯುವಾಗ ಮನುಷ್ಯರ ಸಿಟ್ಟಿಗೂ ಅದೇ ಗಡುವು ಹಾಕುತ್ತಾನೆ, ಸೂರ್ಯ ಮುಳುಗುವ ತನಕ ಇಟ್ಟುಕೊಳ್ಳಬೇಡಿ. ಒತ್ತೆಯ ಹೊದಿಕೆ, ಕೂಲಿ, ಸಿಟ್ಟು, ಮೂರನ್ನೂ ಹೊತ್ತು ಮುಳುಗುವುದರೊಳಗೆ ಬಿಡಬೇಕು.

ಇಲ್ಲಿಯವರೆಗೆ ಸುಲಭ. ದೇವರ ಸಿಟ್ಟು ಬಡವನ ಪರ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಕಷ್ಟ ಬರುವುದು, ಬಡವನನ್ನು ತುಳಿದವನನ್ನೂ ದೇವರು ಕ್ಷಮಿಸಿಬಿಟ್ಟರೆ. ಆಗ ಏನು ಮಾಡುತ್ತೀರಿ? ಇದಕ್ಕೇ ಬೈಬಲ್‌ನಲ್ಲಿ ನಾಲ್ಕೇ ಅಧ್ಯಾಯದ ಒಂದು ಪುಸ್ತಕ ಇದೆ, ಯೋನ ಅನ್ನುವ ಪ್ರವಾದಿಯದು. ಭಾನುವಾರ ಶಾಲೆಯಲ್ಲಿ ಮೀನಿನ ಹೊಟ್ಟೆಯ ಕತೆ ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅಸಲಿ ವಿಷಯ ಇರುವುದು ಕೊನೆಯ ಅಧ್ಯಾಯದಲ್ಲಿ.

ಮೊದಲು ನಿನೆವೆ ಎಂಥ ಊರು ಅಂತ ತಿಳಿಯಬೇಕು. ಈಗಿನ ಇರಾಕಿನ ಮೋಸುಲ್ ಪಕ್ಕ ಇದ್ದ ಊರು, ಅಶ್ಶೂರ ಸಾಮ್ರಾಜ್ಯದ ದೊಡ್ಡ ಪಟ್ಟಣ, ಆಮೇಲೆ ರಾಜಧಾನಿ. ಅಶ್ಶೂರದವರು ಕ್ರಿ.ಪೂ. 722ರಲ್ಲಿ ಇಸ್ರಾಯೇಲಿನ ಉತ್ತರ ರಾಜ್ಯವನ್ನು ಹೊಡೆದು ಹಾಕಿ ಜನರನ್ನು ಹೊತ್ತೊಯ್ದರು. ಕ್ರಿ.ಪೂ. 701ರಲ್ಲಿ ಸನ್ಹೇರೀಬ ರಾಜ ಲಾಕೀಷ್ ಊರನ್ನು ಮುತ್ತಿದ. ಆ ಗೆಲುವನ್ನು ನಿನೆವೆಯ ತನ್ನ ಅರಮನೆಯ ಗೋಡೆಗೆ ಕಲ್ಲಿನಲ್ಲಿ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಶೂಲಕ್ಕೆ ಏರಿಸಿದ ಸೆರೆಯಾಳುಗಳು, ಗಂಟುಮೂಟೆ ಹೊತ್ತು ಊರು ಬಿಡುತ್ತಿರುವ ಹೆಂಗಸರು, ಮಕ್ಕಳು, ಎಲ್ಲವನ್ನೂ ಹೆಮ್ಮೆಯಿಂದ ಕೆತ್ತಿಸಿದ್ದಾರೆ. ಯೋನನ ಕತೆ ಓದುವವರ ಮನಸ್ಸಿನಲ್ಲಿ ನಿನೆವೆ ಅಂದರೆ ಇದು.

ಅಂಥ ಊರಿಗೆ ಹೋಗಿ ಎಚ್ಚರಿಕೆ ಕೊಡು ಅಂದಾಗ ಯೋನ ಉಲ್ಟಾ ದಿಕ್ಕಿಗೆ ಹಡಗು ಹತ್ತುತ್ತಾನೆ. ಬಿರುಗಾಳಿ, ಮೀನು, ಎಲ್ಲಾ ಆಗಿ ಕೊನೆಗೂ ನಿನೆವೆಗೆ ಬಂದು ಇನ್ನು 40 ದಿನಕ್ಕೆ ಈ ಊರು ಬೀಳುತ್ತದೆ ಅಂತ ಸಾರುತ್ತಾನೆ. ನಿನೆವೆಯವರು ನಂಬಿಬಿಡುತ್ತಾರೆ! ರಾಜ ಸಿಂಹಾಸನದಿಂದ ಇಳಿದು ಬೂದಿಯಲ್ಲಿ ಕೂರುತ್ತಾನೆ. ಮನುಷ್ಯರಿಗೆ ಅಷ್ಟೇ ಅಲ್ಲ, ದನಕರುಗಳಿಗೂ ಉಪವಾಸ, ಅವಕ್ಕೂ ಗೋಣಿತಟ್ಟು ಹೊದಿಸಬೇಕು ಅಂತ ಆಜ್ಞೆ. ದೇವರು ಸಿಟ್ಟು ಬಿಡುತ್ತಾನೆ. ಊರು ಉಳಿಯುತ್ತದೆ.

ಈಗ ಸಿಟ್ಟು ಬರುವುದು ಯೋನನಿಗೆ. ಅವನು ದೇವರ ಹತ್ತಿರ ಜಗಳಕ್ಕೆ ನಿಲ್ಲುತ್ತಾನೆ. ನನಗೆ ಗೊತ್ತಿತ್ತು, ನೀನು ಕನಿಕರ ಉಳ್ಳವನು, ದಯೆ ಉಳ್ಳವನು, ಬೇಗ ಸಿಟ್ಟಾಗದವನು, ಅದಕ್ಕೇ ನಾನು ಮೊದಲೇ ಓಡಿಹೋದದ್ದು! ಸೀನಾಯಿ ಬೆಟ್ಟದ ಮಾತುಗಳೇ ಇವು. ತನ್ನ ಹಿರಿಯರನ್ನು ಉಳಿಸಿದ ಮಾತನ್ನೇ ದೇವರ ಮುಖಕ್ಕೆ ದೂರಿನಂತೆ ಎಸೆಯುತ್ತಾನೆ. ನಮಗೆ ಸಾವಿರ ತಲೆಮಾರಿನ ದಯೆ ಬೇಕು, ಅವರಿಗೆ ಮಾತ್ರ ಬೆಂಕಿ ಬೀಳಬೇಕು. ಯೋನನನ್ನು ನೋಡಿ ನಗುವ ಮೊದಲು ಲಾಕೀಷಿನ ಗೋಡೆ ನೆನಪಿಟ್ಟುಕೊಳ್ಳಿ. ಅವನ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ.

ಆಮೇಲೆ ಊರ ಪೂರ್ವಕ್ಕೆ ಹೋಗಿ ಒಂದು ಗುಡಿಸಲು ಹಾಕಿಕೊಂಡು ಕೂರುತ್ತಾನೆ, ಊರು ಸುಟ್ಟರೂ ಸುಡಬಹುದು ನೋಡೋಣ ಅಂತ. ಬಿಸಿಲು. ದೇವರು ರಾತ್ರೋರಾತ್ರಿ ಒಂದು ಸೋರೆಗಿಡ ಬೆಳೆಸಿ ನೆರಳು ಮಾಡುತ್ತಾನೆ. ಯೋನನಿಗೆ ಭಾರಿ ಖುಷಿ. ಇಡೀ ಪುಸ್ತಕದಲ್ಲಿ ಅವನು ಖುಷಿಪಟ್ಟದ್ದು ಇದೊಂದಕ್ಕೇ. ಮರುದಿನ ಬೆಳಗಿನ ಜಾವ ಒಂದು ಹುಳ ಗಿಡ ಕಡಿಯುತ್ತದೆ, ಗಿಡ ಒಣಗುತ್ತದೆ, ಬಿಸಿಗಾಳಿ ಬೀಸುತ್ತದೆ, ಬಿಸಿಲು ತಲೆಗೆ ಬಡಿಯುತ್ತದೆ. ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಈ ಸಾಲಿಗೆ ಟಿಪ್ಪಣಿ ಬೇಕಾಗಿಲ್ಲ. ಸತ್ತರೆ ಸಾಕು ಅನ್ನುತ್ತಾನೆ ಯೋನ. ಗಿಡಕ್ಕಾಗಿ ಇಷ್ಟು ಸಿಟ್ಟು ಸರೀನಾ ಅಂತ ದೇವರು ಕೇಳುತ್ತಾನೆ. ಸಾಯುವಷ್ಟು ಸಿಟ್ಟು ಬಂದಿದೆ, ಸರಿಯೇ ಅನ್ನುತ್ತಾನೆ ಇವನು. ಆಗ ದೇವರು: ನೀನು ನೆಡದ, ಬೆಳೆಸದ, ಒಂದು ರಾತ್ರಿಯಲ್ಲಿ ಬಂದು ಒಂದು ರಾತ್ರಿಯಲ್ಲಿ ಹೋದ ಗಿಡಕ್ಕೆ ನೀನು ಕನಿಕರಪಡುತ್ತೀಯ. ಎಡಗೈ ಬಲಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇರುವ ನಿನೆವೆಗೆ ನಾನು ಕನಿಕರಪಡಬಾರದಾ? ಅಷ್ಟೊಂದು ದನಕರುಗಳೂ ಇವೆಯಲ್ಲ?

ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟ ಅಂತ ಇಲ್ಲ.

ಇದನ್ನು ಒಂಟಿಯಾಗಿ ಓದಿದರೆ ಕರುಣೆಯೇ ಗೆದ್ದಿತು ಅನ್ನಿಸುತ್ತದೆ. ಆದರೆ ಬೈಬಲ್‌ನಲ್ಲಿ ನಿನೆವೆಯ ಬಗ್ಗೆ ಇನ್ನೊಂದು ಪುಸ್ತಕ ಇದೆ, ನಹೂಮನದು. ಯೋನನ ಪುಸ್ತಕದ ನಂತರ ಒಂದೇ ಪುಸ್ತಕ ದಾಟಿದರೆ ಸಿಗುತ್ತದೆ. ನಹೂಮನೂ ಅದೇ ಮಾತಿನಿಂದ ಶುರು ಮಾಡುತ್ತಾನೆ, ದೇವರು ಬೇಗ ಸಿಟ್ಟಾಗದವನು. ಆದರೆ ಅವನು ಅದರ ಇನ್ನೊಂದು ತುದಿ ಹಿಡಿಯುತ್ತಾನೆ: ತಪ್ಪನ್ನು ಸುಮ್ನೆ ಬಿಡುವವನಲ್ಲ. ರಕ್ತದ ಊರು ಅಂತ ನಿನೆವೆಯನ್ನು ಕರೆಯುತ್ತಾನೆ. ಕ್ರಿ.ಪೂ. 612ರಲ್ಲಿ ಬಾಬೆಲಿನವರೂ ಮೇದ್ಯರೂ ಸೇರಿ ಆ ಊರನ್ನು ನಿಜಕ್ಕೂ ನೆಲಸಮ ಮಾಡಿದರು. ನಹೂಮನ ಪುಸ್ತಕವೂ ಪ್ರಶ್ನೆಯಲ್ಲೇ ಮುಗಿಯುತ್ತದೆ. ನಿನ್ನ ಕ್ರೂರತನ ಯಾರನ್ನು ತಾನೇ ಬಿಟ್ಟಿತ್ತು? ಒಂದೇ ಊರು, ಒಂದೇ ಹಳೆಯ ಮಾತು, ಎರಡು ಪುಸ್ತಕ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಸಾಡಬಹುದಿತ್ತು. ಬಿಸಾಡಲಿಲ್ಲ. ತುಳಿತಕ್ಕೆ ಸಿಕ್ಕವನ ಕೂಗಿಗೆ ನಹೂಮ ಬೇಕು. ಆ ಕೂಗು ದ್ವೇಷವಾಗಿ ಗಟ್ಟಿಯಾಗದ ಹಾಗೆ ಯೋನನ ಪುಸ್ತಕ ಬೇಕು. ಯೆಹೂದಿಗಳು ಇವತ್ತಿಗೂ ತಮ್ಮ ಪಶ್ಚಾತ್ತಾಪದ ದೊಡ್ಡ ಹಬ್ಬ ಯೋಮ್ ಕಿಪ್ಪೂರಿನ ಮಧ್ಯಾಹ್ನ ಓದುವುದು ಯೋನನನ್ನು. ಕೇರಳದ ಸಿರಿಯನ್ ಕ್ರೈಸ್ತರು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಕೆಲವು ವಾರ ಮೊದಲು ನಿನೆವೆಯವರ ನೆನಪಿಗೆ ಮೂರು ದಿನ ಉಪವಾಸ ಮಾಡುತ್ತಾರೆ, ಕುರವಿಲಂಗಾಡಿನ ಚರ್ಚಿನಲ್ಲಿ ಆ ದಿನಗಳಲ್ಲಿ ಯೋನನ ಹಡಗನ್ನೇ ಹೊತ್ತು ಮೆರವಣಿಗೆ ಮಾಡುತ್ತಾರೆ.

ಈಗ ದಿನನಿತ್ಯದ ಒಂದು ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ದೇವರ ಸಿಟ್ಟು ಅಂದರೆ ಇದೊಂದೇ. ಕಾಯಿಲೆ ಬಂತು, ಮಗು ಹೋಯಿತು, ಮಳೆ ಬರಲಿಲ್ಲ. ದೇವರು ಸಿಟ್ಟಾಗಿದ್ದಾನೆ, ಏನು ತಪ್ಪು ಮಾಡಿದ್ದೀರಿ ಅಂತ ಹುಡುಕು ಶುರುವಾಗುತ್ತದೆ. ಸಾವಿನ ಮನೆಗೆ ಪ್ರಾರ್ಥನೆಗೆ ಬಂದವರ ಬಾಯಲ್ಲೂ ಇದು ಬರುತ್ತದೆ. ಬೈಬಲ್ ಈ ಬಗ್ಗೆ ಏನು ಹೇಳುತ್ತದೆ? ತಪ್ಪು ಮಾಡದೆಯೂ ಎಲ್ಲ ಕಳೆದುಕೊಂಡ ಯೋಬನ ಪುಸ್ತಕದಲ್ಲಿ ಅವನ ಮೂವರು ಗೆಳೆಯರು ಇದನ್ನೇ ಮಾಡುತ್ತಾರೆ, ಪುಟಗಟ್ಟಲೆ. ಕೊನೆಗೆ ದೇವರಿಗೆ ನಿಜವಾಗಿಯೂ ಸಿಟ್ಟು ಬರುತ್ತದೆ, ಆದರೆ ಯೋಬನ ಮೇಲಲ್ಲ, ಆ ಮೂವರ ಮೇಲೆ. ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಕಷ್ಟದಲ್ಲಿರುವವನಿಗೆ ದೇವರ ಸಿಟ್ಟಿನ ಪಾಠ ಹೇಳಿದವರು ತಾವೇ ಆ ಸಿಟ್ಟಿಗೆ ಸಿಕ್ಕಿಕೊಂಡರು. ಯೋಬನೇ ಅವರಿಗಾಗಿ ಬೇಡಿಕೊಳ್ಳಬೇಕಾಯಿತು.

ಯೇಸುವಿನ ಕಾಲದಲ್ಲೂ ಇದೇ ಕತೆ. ಯೆರೂಸಲೇಮಿನ ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ? ಇಲ್ಲ ಅನ್ನುತ್ತಾನೆ ಯೇಸು. ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಕೊಂಡು ಹೋದದ್ದು ಚೈನು ಕಡಿದು. ಗೇಟಿನ ಕೆಳಗಿನ ಹೊಲದವರ ಪಾಪ ಎಷ್ಟು ಅಂತ ಲೆಕ್ಕ ಹಾಕಲು ಯಾರಾದರೂ ಕೂತಿದ್ದರೆ ನೀರು ನಿಲ್ಲುತ್ತಿರಲಿಲ್ಲ, ಸ್ಟಾಪ್‌ಲಾಗ್ (ತಾತ್ಕಾಲಿಕ ಅಡ್ಡಗೇಟು) ಇಳಿಸಿದ್ದಕ್ಕೆ ನಿಂತಿತು. ಆದರೆ ಯೇಸು ಅಷ್ಟಕ್ಕೇ ಬಿಡುವುದಿಲ್ಲ, ಕೇಳಿದವರ ಕಡೆಗೇ ತಿರುಗಿ ನೀವು ತಿರುಗಿಕೊಳ್ಳಿ ಅನ್ನುತ್ತಾನೆ. ಹುಟ್ಟು ಕುರುಡನನ್ನು ತೋರಿಸಿ ಇವನ ಪಾಪವೋ, ಅಪ್ಪ ಅಮ್ಮನ ಪಾಪವೋ ಅಂತ ಶಿಷ್ಯರು ಕೇಳಿದಾಗಲೂ ಎರಡೂ ಅಲ್ಲ ಅನ್ನುವುದೇ ಉತ್ತರ. ಒಳ್ಳೆಯವನ ಹೊಲಕ್ಕೂ ಕೆಟ್ಟವನ ಹೊಲಕ್ಕೂ ಮಳೆ ಸುರಿಸುತ್ತಾನೆ ಅನ್ನುವ ಮಾತು ಬೆಟ್ಟದ ಪ್ರಸಂಗದಲ್ಲಿದೆ. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯಲ್ಲಿ ಆ ಮಾತಿನ ಬೆಲೆ ಬೇರೆ.

ಇಲ್ಲಿ ಒಂದು ತಕರಾರು ಬರಬಹುದು, ಬರಬೇಕು ಕೂಡ. ಬರ, ಸೋಲು, ಸೆರೆ ಎಲ್ಲಾ ದೇವರ ಸಿಟ್ಟು ಅಂತ ಪ್ರವಾದಿಗಳೇ ಹೇಳಿದ್ದಾರಲ್ಲ? ಹೌದು, ಆಮೋಸನ ನಾಲ್ಕನೇ ಅಧ್ಯಾಯದಲ್ಲಿ ಒಂದೂರಿಗೆ ಮಳೆ ಬಂದು ಪಕ್ಕದೂರಿಗೆ ಬರದ ವಿಷಯವೂ ಇದೆ. ಆದರೆ ಪ್ರವಾದಿಗಳು ಅದನ್ನು ಯಾರಿಗೆ ಹೇಳಿದರು ನೋಡಿ. ತಮ್ಮದೇ ಜನಕ್ಕೆ, ತಮ್ಮದೇ ರಾಜರಿಗೆ, ಪುರೋಹಿತರಿಗೆ, ಏಟು ತಿನ್ನುವ ಅಪಾಯ ತೆಗೆದುಕೊಂಡು ಹೇಳಿದರು. ಯೆರೆಮೀಯನನ್ನು ಕೆಸರಿನ ಬಾವಿಗೆ ಇಳಿಸಿದರು. ಮಣ್ಣು ಮಾಡಿ ಬಂದ ಮನೆಯ ತಾಯಿಗೆ ಹೇಳುವುದು ಬೇರೆ, ಅಧಿಕಾರದಲ್ಲಿ ಇರುವವನ ಮುಖಕ್ಕೆ ಹೇಳುವುದು ಬೇರೆ. ಮೊದಲನೆಯದಕ್ಕೆ ಧೈರ್ಯ ಬೇಕಾಗಿಲ್ಲ. ತಂದೆ ಮಗನನ್ನು ತಿದ್ದಲು ಹೊಡೆದಂತೆ ಅಂತ ಸಮಜಾಯಿಷಿ ಕೊಡುವವರೂ ಇದ್ದಾರೆ, ಇಬ್ರಿಯರ ಪತ್ರದಲ್ಲಿ ಶಿಕ್ಷಣದ ಮಾತು ಇದೆ ನಿಜ. ಅದು ಹಿಂಸೆ ತಾಳಿಕೊಳ್ಳುತ್ತಿದ್ದ ಸಭೆಗೆ ಬರೆದದ್ದು. ಜ್ವರದಲ್ಲಿ ಮಲಗಿದ ಕೂಸಿಗೆ ಅದನ್ನು ಅಂಟಿಸುವುದನ್ನು ನಾನು ಒಪ್ಪುವುದಿಲ್ಲ.

ದೇವರಿಗೆ ನಿಜವಾಗಿ ಸಿಟ್ಟು ಬರುತ್ತದಾ, ಅಥವಾ ಅದು ನಮ್ಮ ಭಾಷೆಯಲ್ಲಿ ಹೇಳಿದ್ದಾ ಅನ್ನುವುದು ಪಂಡಿತರ ಹಳೇ ಜಗಳ. ನಾಲ್ಕನೇ ಶತಮಾನದ ಶುರುವಿನಲ್ಲಿ ಲ್ಯಾಕ್ಟಾಂಟಿಯಸ್ ಅನ್ನುವ ಕ್ರೈಸ್ತ ಬರಹಗಾರ ದೇವರ ಸಿಟ್ಟಿನ ಮೇಲೇ ಒಂದು ಪುಸ್ತಕ ಬರೆದ. ಕೆಟ್ಟದ್ದನ್ನು ಕಂಡು ಸಿಟ್ಟಾಗದವನು ಒಳ್ಳೆಯದನ್ನೂ ಪ್ರೀತಿಸಲಾರ ಅನ್ನುವುದು ಅವನ ವಾದ. ನೂರು ವರ್ಷದ ಮೇಲೆ ಬಿಷಪ್ ಅಗಸ್ಟೀನ್, ದೇವರ ಸಿಟ್ಟು ಅಂದರೆ ಮನಸ್ಸು ಕದಡುವುದಲ್ಲ, ಪಾಪಕ್ಕೆ ಶಿಕ್ಷೆ ಕೊಡುವ ತೀರ್ಪು ಅಂದ. ನಮ್ಮ ಹಾಗೆ ರಕ್ತ ಬಿಸಿಯಾಗಿ ಆಮೇಲೆ ಪಶ್ಚಾತ್ತಾಪ ಪಡುವ ಸಿಟ್ಟಲ್ಲ ಅಂತ ಬಹುಪಾಲು ಸಭೆಗಳು ಒಪ್ಪುತ್ತವೆ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ದೇವರ ಸಿಟ್ಟು ಹೇಗೆ ಕಾಣಿಸುತ್ತದೆ ಗೊತ್ತಾ? ಸಿಡಿಲಾಗಿ ಅಲ್ಲ. ಅವರ ಆಸೆಗೇ ಅವರನ್ನು ಬಿಟ್ಟುಬಿಟ್ಟ ಅಂತ ಮೂರು ಸಲ ಬರೆಯುತ್ತಾನೆ. ಬೇಡ ಅಂದರೂ ಕೇಳದವನಿಗೆ, ಆಯಿತು, ನಿನ್ನ ದಾರಿಯಲ್ಲೇ ಹೋಗು ಅನ್ನುವುದು. ಯೋಚಿಸಿ ನೋಡಿದರೆ ಸಿಡಿಲಿಗಿಂತ ಇದೇ ಹೆದರಿಕೆ ಹುಟ್ಟಿಸುತ್ತದೆ.

ಶಿಲುಬೆಯ ವಿಷಯ ಹೇಳದೆ ಇದು ಪೂರ್ತಿ ಆಗುವುದಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ನಮ್ಮ ಕಡೆ ಎಷ್ಟೋ ಚರ್ಚುಗಳಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಇರುತ್ತದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಫ್ಯಾನಿನ ಸದ್ದು, ಒಬ್ಬರಾದ ಮೇಲೆ ಒಬ್ಬರು ಪ್ರಸಂಗ. ಅಲ್ಲಿ ಒಂದು ಚಿತ್ರ ಪದೇ ಪದೇ ಬರುತ್ತದೆ: ತಂದೆಗೆ ವಿಪರೀತ ಸಿಟ್ಟು, ಮಗ ಅಡ್ಡ ಬಂದು ಏಟು ತಿಂದ, ತಂದೆ ತಣ್ಣಗಾದ. ಕೇಳಲು ರೋಮಾಂಚನ ಆಗುತ್ತದೆ, ಆದರೆ ಹೀಗೆ ಹೇಳಿದರೆ ಮಾರ್ಸಿಯನ್ ಹಿಂಬಾಗಿಲಿನಿಂದ ಒಳಗೆ ಬಂದ ಹಾಗೆ. ಕ್ರೂರ ದೇವರು ಒಬ್ಬ, ಒಳ್ಳೆಯ ದೇವರು ಇನ್ನೊಬ್ಬ! ತಂದೆ, ಮಗ ಬೇರೆ ಬೇರೆ ಮನಸ್ಸಿನವರಲ್ಲ ಅನ್ನುವುದೇ ಕ್ರೈಸ್ತ ನಂಬಿಕೆಯ ಬುಡ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ದೇವರು ತನ್ನ ಪ್ರೀತಿ ತೋರಿಸಿದ ಅಂತ ಪೌಲ ಬರೆಯುತ್ತಾನೆ. ಪ್ರೀತಿ ಮೊದಲು, ಶಿಲುಬೆ ಆಮೇಲೆ. ಶಿಲುಬೆಯಿಂದ ಪ್ರೀತಿಯನ್ನು ಕೊಂಡುಕೊಂಡದ್ದಲ್ಲ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಅನ್ನುವ ಪಂಡಿತ ಇದನ್ನು ಮನುಷ್ಯ ದೇವರ ಮಾನ ಕಳೆದದ್ದರ ಸಾಲ ತೀರಿಸಿದಂತೆ ವಿವರಿಸಿದ. ಕಾನೂನು ಓದಿದ್ದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಶಿಕ್ಷೆ, ತೀರ್ಪಿನ ಮಾತಿನಲ್ಲಿ ಹೇಳಿದ. ಪೂರ್ವದ ಆರ್ಥಡಾಕ್ಸ್ ಸಭೆಗಳು ರೋಗ ವಾಸಿಯಾದಂತೆ, ಸಾವನ್ನು ಸೋಲಿಸಿದಂತೆ ಹೇಳುತ್ತವೆ. ಯಾವುದನ್ನು ಹಿಡಿದರೂ ಏಳು ಮಾತುಗಳಲ್ಲಿ ಮೊದಲನೆಯದು, ತಂದೆಯೇ, ಇವರನ್ನು ಕ್ಷಮಿಸು ಅನ್ನುವುದು. ಮೊಳೆ ಹೊಡೆದವರಿಗಾಗಿ ಕೇಳಿದ ಮಾತು ಅದು.

ಉಳಿದದ್ದು ನರಕದ ಪ್ರಶ್ನೆ. ಅಲ್ಲಿ ಸಭೆಗಳು ಇವತ್ತಿಗೂ ಒಂದೇ ಮಾತು ಹೇಳುವುದಿಲ್ಲ. ಕ್ಯಾಥೋಲಿಕ್ ಸಭೆ ನರಕ ಇದೆ, ಶಾಶ್ವತ ಅನ್ನುತ್ತದೆ, ಆದರೆ ದೇವರು ತಳ್ಳುವುದಲ್ಲ, ಮನುಷ್ಯ ತಾನೇ ಆರಿಸಿಕೊಂಡು ದೂರ ಹೋಗುವುದು ಅಂತ ವಿವರಿಸುತ್ತದೆ. ನಮ್ಮ ಊರುಗಳ ಉಜ್ಜೀವನ ಕೂಟಗಳಲ್ಲಿ ಮೈಕು ಹಿಡಿದವರು ಬೆಂಕಿಯನ್ನೇ ಜಾಸ್ತಿ ಹೇಳುತ್ತಾರೆ. ಇನ್ನೊಂದು ದನಿಯೂ ಇದೆ. ಏಳನೇ ಶತಮಾನದಲ್ಲಿ ಈಗಿನ ಕತಾರ್ ಸೀಮೆಯಲ್ಲಿ ಹುಟ್ಟಿದ ಐಸಾಕ್ ಅನ್ನುವ ಸನ್ಯಾಸಿ. ನರಕದಲ್ಲಿ ಇರುವವರನ್ನು ಸುಡುವುದು ದೇವರ ದ್ವೇಷ ಅಲ್ಲ, ಪ್ರೀತಿಗೆ ತಾವು ಮಾಡಿದ ದ್ರೋಹದ ನೋವೇ ಚಾವಟಿಯಾಗುತ್ತದೆ ಅಂದ. ಎಲ್ಲಾ ಜನರ ಪಾಪ ಸೇರಿಸಿದರೂ ದೇವರ ಕರುಣೆಯ ಮುಂದೆ ಸಮುದ್ರಕ್ಕೆ ಎಸೆದ ಹಿಡಿ ಮರಳು ಅಂದ. ಅವನ ಬರಹದ ಇನ್ನೊಂದು ಭಾಗ 1983ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಪಂಡಿತ ಸೆಬಾಸ್ಟಿಯನ್ ಬ್ರಾಕ್ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಅವನು ನರಕಕ್ಕೂ ಒಂದು ಕೊನೆ ಇರಬೇಕು ಅನ್ನುವಷ್ಟು ದೂರ ಹೋಗುತ್ತಾನೆ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೂ 2024ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವನ ಹೆಸರನ್ನು ಕ್ಯಾಥೋಲಿಕ್ ಸಂತರ ಪಟ್ಟಿಗೆ ಸೇರಿಸಿದರು. ಅವನು ಐದು ತಿಂಗಳ ಮಟ್ಟಿಗೆ ಬಿಷಪ್ ಆಗಿದ್ದ, ಆಮೇಲೆ ಬಿಟ್ಟು ಗುಡ್ಡ ಸೇರಿಕೊಂಡ. ಬಿಷಪ್ ಆಗಿದ್ದದ್ದು ನಿನೆವೆಗೆ.